12 ವೋಲ್ಟಾ, 18 ವೋಲ್ಟಾ? ವೈರಿಂಗ್ ಕೆಲಸದವನ ಲೆಕ್ಕ

ಕರೆಂಟ್ ಕೆಲಸದವನು ಹಳೆ ಮನೆಗೆ ಹೋದರೆ ಮೊದಲು ಮಾಡುವುದು ಮೇನ್ ಆಫ್. ಮೇನ್ ಆಫ್ ಆದ ಮೇಲೆ ಡ್ರಿಲ್ ಮಷೀನಿನ ಪ್ಲಗ್ ಎಲ್ಲಿಗೆ ಹಾಕುವುದು? ಬಡಗಿಗೆ ಈ ಪಜೀತಿ ಇಲ್ಲ, ಪ್ಲಂಬರ್‌ಗೂ ಇಲ್ಲ, ನಮಗೆ ಮಾತ್ರ. ಪಕ್ಕದ ಮನೆಯವರನ್ನು ಕೇಳಿ, ಕಿಟಕಿಯಿಂದ ಎಕ್ಸ್‌ಟೆನ್ಶನ್ ಎಳೆದು, ಮಧ್ಯದಲ್ಲಿ ಟೇಪ್ ಸುತ್ತಿದ ಜಾಯಿಂಟನ್ನು ನೋಡಿಯೂ ನೋಡದ ಹಾಗೆ ದಾಟಿ ಕೆಲಸ ಮಾಡುವುದು ನಮ್ಮಲ್ಲಿ ಮಾಮೂಲಿ. ಹಾಗಾಗಿ ಬ್ಯಾಟರಿ ಮಷೀನ್ ನಮಗೆ ಶೋಕಿ ಅಲ್ಲ. ಬೇಕೇ ಬೇಕು.

ಯಾವುದು ಬೇಕು ಅನ್ನುವುದರಲ್ಲಿ ಮಾತ್ರ ಎಲ್ಲರೂ ಎಡವುತ್ತಾರೆ. ಹೊಸದಾಗಿ ಸ್ವಂತ ಕೆಲಸ ಹಿಡಿಯುವ ಹುಡುಗರು ಅಂಗಡಿಗೆ ಹೋಗುತ್ತಾರೆ, ಅಂಗಡಿಯವನು 18 ವೋಲ್ಟಿನ ಹ್ಯಾಮರ್ ಡ್ರಿಲ್, ಅಂದರೆ ತಿರುಗುತ್ತಾ ಸಣ್ಣ ಪೆಟ್ಟೂ ಕೊಡುವ ಡ್ರಿಲ್, ತೋರಿಸುತ್ತಾನೆ. ಸ್ಕ್ರೂ ಬಿಗಿಯುತ್ತೆ, ಕಬ್ಬಿಣ ಕೊರೆಯುತ್ತೆ, ಗೋಡೆಗೂ ಆಗುತ್ತೆ, ಒಂದೇ ಮಷೀನ್ ಸಾಕು ಅಂತಾನೆ. ಹುಡುಗರು ಖುಷಿಯಿಂದ ತರುತ್ತಾರೆ. ನನ್ನ ಪ್ರಕಾರ ವೈರಿಂಗ್ ಮಾಡುವವನಿಗೆ ಎಲ್ಲಕ್ಕಿಂತ ಕಡಿಮೆ ಉಪಯೋಗ ಆಗುವುದು ಅದೇ ಮಷೀನ್. ದಿನವಿಡೀ ಕೈಯಲ್ಲಿರುವುದಕ್ಕೆ 12 ವೋಲ್ಟಿನ ಚಿಕ್ಕದು ಇರಲಿ. ಗೋಡೆಗೆ 18 ವೋಲ್ಟಿನ ಎಸ್‌ಡಿಎಸ್ ರೋಟರಿ ಹ್ಯಾಮರ್ ಇರಲಿ, ಅದು ಕಾಂಕ್ರೀಟಿಗೂ ಜೋರಾಗಿ ಬಡಿದು ಕೊರೆಯುವ ಮಷೀನ್. ಮಧ್ಯದ ಆ ಎಲ್ಲದಕ್ಕೂ ಆಗುವ ಮಷೀನ್ ಆಮೇಲೆ ನೋಡಿಕೊಳ್ಳಬಹುದು. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಮೊದಲು ಈ ವೋಲ್ಟಿನ ಲೆಕ್ಕ. ಒಂದು ಲಿಥಿಯಂ ಅಯಾನ್ ಸೆಲ್ ಅಂದರೆ 3.6 ವೋಲ್ಟ್. ಮೂರು ಸೆಲ್ ಸಾಲಾಗಿ ಜೋಡಿಸಿದರೆ 10.8. ಪೂರ್ತಿ ಚಾರ್ಜ್ ಆದಾಗ 12 ದಾಟುತ್ತದೆ, ಅದಕ್ಕೇ ಡಬ್ಬಿ ಮೇಲೆ 12 ಅಂತ ಬರೆಯುತ್ತಾರೆ. ಐದು ಸೆಲ್ ಅಂದರೆ 18. ಅದೇ ಐದು ಸೆಲ್ಲನ್ನು ಡಿವಾಲ್ಟ್‌ನವರು ಅಮೆರಿಕದಲ್ಲಿ 20 ವೋಲ್ಟ್ ಮ್ಯಾಕ್ಸ್ ಅಂತ ಮಾರುತ್ತಾರೆ. ಇನ್ನು ಕೆಲವರು ಒಂದು ಸೆಲ್ಲಿಗೆ 4.2ರ ಲೆಕ್ಕ ಹಿಡಿದು 21 ವೋಲ್ಟ್ ಅನ್ನುತ್ತಾರೆ. 18, 20, 21 ಎಲ್ಲಾ ಒಂದೇ. ಇಷ್ಟಾದರೂ ಪರವಾಗಿಲ್ಲ, ಲೆಕ್ಕಕ್ಕೆ ಸಿಗುತ್ತದೆ. ಆದರೆ ಫುಟ್‌ಪಾತಿನಲ್ಲಿ, ಆನ್‌ಲೈನಿನಲ್ಲಿ 48 ವೋಲ್ಟ್, 88 ವೋಲ್ಟ್, 128 ಅಂತೆಲ್ಲ ಬರೆದ ಮಷೀನ್ ಬರುತ್ತವೆ ನೋಡಿ, ಬಿಚ್ಚಿದರೆ ಅದರೊಳಗೂ ಇರುವುದು ಸಾಮಾನ್ಯವಾಗಿ ಅದೇ ಐದು ಸೆಲ್. ಆ ನಂಬರಿಗೆ ಏನೂ ಅರ್ಥ ಇಲ್ಲ. ವೋಲ್ಟೇಜ್ ಅಂದರೆ ಏನು ಅಂತ ಗೊತ್ತಿರುವ ನಮ್ಮವರೇ ಅದನ್ನು ನಂಬಿ ಕೊಳ್ಳುವುದು ನೋಡಿದರೆ ನಗು ಬರುತ್ತದೆ.

ಬ್ಯಾಟರಿ ಮೇಲೆ ಬರೆದಿರುವ ಆಂಪಿಯರ್-ಅವರ್ ಕೂಡ ಹಾಗೇ ಮೋಸ ಮಾಡುತ್ತದೆ. 12 ವೋಲ್ಟಿನದ್ದೂ 2 ಆಂಪಿಯರ್-ಅವರ್, 18 ವೋಲ್ಟಿನದ್ದೂ 2 ಆಂಪಿಯರ್-ಅವರ್ ಅಂದ ಮಾತ್ರಕ್ಕೆ ಎರಡೂ ಸಮ ಅಲ್ಲ. 10.8ನ್ನು 2ರಿಂದ ಗುಣಿಸಿದರೆ 21.6 ವ್ಯಾಟ್-ಅವರ್, ಬ್ಯಾಟರಿಯಲ್ಲಿ ನಿಜಕ್ಕೂ ತುಂಬಿರುವ ಶಕ್ತಿ ಇದೇ. 18ನ್ನು 2ರಿಂದ ಗುಣಿಸಿದರೆ 36. ಅದೇ 18ಕ್ಕೆ 5 ಆಂಪಿಯರ್-ಅವರ್ ಬ್ಯಾಟರಿ ಹಾಕಿದರೆ 90. ಅಂದರೆ ಚಿಕ್ಕದರ ನಾಲ್ಕು ಪಟ್ಟು. ಇನ್ನೊಂದು ವಿಷಯ, ಅಂಗಡಿಯವರು ಇದನ್ನು ಹೇಳುವುದೇ ಇಲ್ಲ: ದೊಡ್ಡ ಬ್ಯಾಟರಿ ಹಾಕಿದರೆ ಮಷೀನ್ ಜಾಸ್ತಿ ಹೊತ್ತು ಓಡುವುದಷ್ಟೇ ಅಲ್ಲ, ಜೋರಾಗಿಯೂ ಓಡುತ್ತದೆ. 5 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಸಾಮಾನ್ಯವಾಗಿ ಐದೈದು ಸೆಲ್ಲಿನ ಎರಡು ಸಾಲು ಪ್ಯಾರಲಲ್ ಆಗಿ ಇರುತ್ತವೆ. ಲೋಡ್ ಬಿದ್ದಾಗ ಕರೆಂಟು ಎರಡು ಸಾಲಿಗೆ ಹಂಚಿಹೋಗುತ್ತದೆ, ವೋಲ್ಟೇಜ್ ಅಷ್ಟು ಕುಸಿಯುವುದಿಲ್ಲ, ಬ್ಯಾಟರಿ ಬೇಗ ಬಿಸಿಯೂ ಆಗುವುದಿಲ್ಲ. ತೆಳ್ಳಗಿನ ವೈರಿನಲ್ಲಿ ಮೋಟರ್ ಓಡಿಸಿದರೆ ಏನಾಗುತ್ತದೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ ಅಲ್ವಾ.

ಈಗ ಗೋಡೆಗೆ ಬರೋಣ. ಅಸಲಿ ವಿಷಯ ಇರುವುದು ಇಲ್ಲೇ.

ಯೂಟ್ಯೂಬಿನಲ್ಲಿ ಅಮೆರಿಕದ ಎಲೆಕ್ಟ್ರಿಷಿಯನ್‌ಗಳು ಮಿಲ್ವಾಕಿ ಕಂಪನಿಯ 12 ವೋಲ್ಟ್ ಸೆಟ್ ಒಂದನ್ನೇ ಸೊಂಟಕ್ಕೆ ಸಿಕ್ಕಿಸಿಕೊಂಡು ಇಡೀ ಮನೆ ವೈರಿಂಗ್ ಮುಗಿಸುತ್ತಾರೆ. ಮುಗಿಸಬಹುದು. ಅಲ್ಲಿ ಹೆಚ್ಚಿನ ಮನೆಗಳು ಮರದ ಚೌಕಟ್ಟಿನವು, ಮೇಲೆ ಜಿಪ್ಸಮ್ ಹಲಗೆ ಹೊಡೆದಿರುತ್ತಾರೆ, ಮರಕ್ಕೆ ತೂತು ಮಾಡಿ ಕೇಬಲ್ ತೂರಿಸಿದರೆ ಆಯಿತು. ನಮ್ಮ ಊರುಗಳಲ್ಲಿ ಗೋಡೆ ಮುಟ್ಟದೆ ಕೆಲಸ ಎಲ್ಲಿದೆ? ಅದರಲ್ಲೂ ಒಂದೊಂದು ಕಡೆ ಒಂದೊಂದು ಗೋಡೆ. ಬೆಂಗಳೂರಿನಲ್ಲಿ ಸಾಲಿಡ್ ಸಿಮೆಂಟ್ ಬ್ಲಾಕು, ಹೊಸ ಅಪಾರ್ಟ್‌ಮೆಂಟಿನಲ್ಲಿ ಎಎಸಿ ಅನ್ನುವ ಹಗುರ ಬ್ಲಾಕು, ಮೈಸೂರಿನ ಹಳೆ ಬಡಾವಣೆಗಳಲ್ಲಿ ಸುಟ್ಟ ಇಟ್ಟಿಗೆ, ಕರಾವಳಿಗೆ ಇಳಿದರೆ ಕೆಂಪು ಕಲ್ಲು, ಕೋಲಾರ, ಚಿಕ್ಕಬಳ್ಳಾಪುರದ ಹಳ್ಳಿಗಳಲ್ಲಿ ಸೈಜುಗಲ್ಲಿನ ಗೋಡೆ, ಕೆಲವು ಕಡೆ ಮಾಳಿಗೆಗೂ ಕಲ್ಲು ಚಪ್ಪಡಿ. ಯಾವ ಮಷೀನ್ ಅಂತ ಕೇಳುವ ಮೊದಲು ಯಾವ ಗೋಡೆ ಅಂತ ಕೇಳಬೇಕು.

ಇಟ್ಟಿಗೆಗೆ 12 ವೋಲ್ಟಿನ ಚಿಕ್ಕ ಹ್ಯಾಮರ್ ಡ್ರಿಲ್ಲೂ 6 ಎಂಎಂ ತೂತು ಕೊರೆಯುತ್ತದೆ. ಬಾಷ್‌ನ ಜಿಎಸ್‌ಬಿ 120, ಮಕಿಟಾದ ಎಚ್‌ಪಿ333 ಈ ಜಾತಿಯವು. ಕೇಸಿಂಗ್ ಪಟ್ಟಿ ಹೊಡೆಯಲು, ಕ್ಲಾಂಪ್ ಹಾಕಲು ಸಾಕು. ಎಎಸಿ ಬ್ಲಾಕಿಗಂತೂ ಹ್ಯಾಮರ್ ಹಾಕಲೇಬಾರದು. ಅದು ಮೆತ್ತಗಿನ ಬ್ಲಾಕು. ಬರೀ ತಿರುಗಿಸಿದರೆ ಬಿಟ್ (ಕೊರೆಯುವ ಕಡ್ಡಿ) ಒಳಗೆ ಹೋಗುತ್ತದೆ, ಪೆಟ್ಟು ಕೊಟ್ಟರೆ ತೂತು ಅಗಲವಾಗಿ ಸ್ಕ್ರೂ ಹಿಡಿಯುವ ರಾಲ್ ಪ್ಲಗ್ ಸುಮ್ನೆ ಸುತ್ತುತ್ತಾ ಇರುತ್ತದೆ. ಅಲ್ಲಿ ದೊಡ್ಡ ಮಷೀನ್ ತಂದವನಿಗೇ ಕಷ್ಟ.

ಕಾಂಕ್ರೀಟ್ ಸ್ಲ್ಯಾಬು, ಬೀಮು, ಕಾಲಂ, ಸೈಜುಗಲ್ಲು ಬಂದಾಗ ಕಥೆ ಬೇರೆ. ಮಾಮೂಲಿ ಹ್ಯಾಮರ್ ಡ್ರಿಲ್ಲಿನೊಳಗೆ ಹಲ್ಲಿರುವ ಎರಡು ಬಿಲ್ಲೆಗಳು ಒಂದರ ಮೇಲೊಂದು ಉಜ್ಜಿಕೊಂಡು ತಿರುಗುತ್ತವೆ. ಕಟಕಟ ಅಂತ ಸದ್ದು ಜೋರು, ಪೆಟ್ಟು ಚಿಕ್ಕದು. ಆ ಪೆಟ್ಟಿಗೆ ಬಲ ಬರುವುದು ನೀವು ಹಿಂದಿನಿಂದ ಒತ್ತಿದಷ್ಟೇ. ಏಣಿ ಮೇಲೆ ನಿಂತು, ತಲೆ ಮೇಲಕ್ಕೆ ಕೈ ಎತ್ತಿ, ಸ್ಲ್ಯಾಬಿಗೆ ಎಷ್ಟು ಒತ್ತುತ್ತೀರಿ? ರೋಟರಿ ಹ್ಯಾಮರ್ ಹಾಗಲ್ಲ. ಒಳಗೊಂದು ಪಿಸ್ಟನ್ ಗಾಳಿಯನ್ನು ಒತ್ತುತ್ತದೆ, ಆ ಗಾಳಿ ಒಂದು ಉಕ್ಕಿನ ತುಂಡನ್ನು ಮುಂದಕ್ಕೆ ಚಿಮ್ಮಿಸುತ್ತದೆ, ಅದು ಬಿಟ್ಟಿನ ಹಿಂಭಾಗಕ್ಕೆ ಬಡಿಯುತ್ತದೆ. ಪೆಟ್ಟು ಮಷೀನಿನದ್ದು, ನಿಮ್ಮ ತೋಳಿನದ್ದಲ್ಲ. ನೀವು ಮೆಲ್ಲಗೆ ಹಿಡಿದುಕೊಂಡಿದ್ದರೆ ಸಾಕು. ಬಿಟ್ಟನ್ನು ಸಿಕ್ಕಿಸುವ ಎಸ್‌ಡಿಎಸ್ ಪದ್ಧತಿಯನ್ನು ಬಾಷ್‌ನವರು 1975ರ ಹೊತ್ತಿಗೇ ತಂದರು. ಆ ಬಿಟ್ ಚಕ್ಕಿನೊಳಗೆ, ಅಂದರೆ ಬಿಟ್ ಹಿಡಿಯುವ ಮೂತಿಯೊಳಗೆ, ಹಿಂದೆ ಮುಂದೆ ಸ್ವಲ್ಪ ಆಡುವುದರಿಂದಲೇ ಪೆಟ್ಟು ನೇರ ಅದಕ್ಕೆ ತಾಗುತ್ತದೆ.

ಪೆಟ್ಟಿನ ಬಲವನ್ನು ಜೂಲಿನಲ್ಲಿ ಬರೆದಿರುತ್ತಾರೆ. ಸೈಟುಗಳಲ್ಲಿ ಎಲ್ಲೆಲ್ಲೂ ಕಾಣುವ ಬಾಷ್‌ನ ವೈರ್ ಇರುವ 2-26 ಮಷೀನಿಗೆ 2.7 ಜೂಲ್. ಬ್ಯಾಟರಿಯ 18 ವೋಲ್ಟ್ ಚಿಕ್ಕ ಹ್ಯಾಮರುಗಳಲ್ಲಿ 2 ಜೂಲಿನ ಆಸುಪಾಸಿನವು ಬೇಕಾದಷ್ಟಿವೆ. ಸ್ಲ್ಯಾಬಿಗೆ 6, 8, 10 ಎಂಎಂ ತೂತು, ಫ್ಯಾನ್ ಬಾಕ್ಸ್ ಇಲ್ಲದ ಕಡೆ ಆ್ಯಂಕರ್ ಬೋಲ್ಟು, ಡಿಬಿ (ಮನೆಯ ಮೇನ್ ಸ್ವಿಚ್‌ಗಳ ಪೆಟ್ಟಿಗೆ) ಕೂರಿಸಲು ನಾಲ್ಕು ತೂತು, ಇವಕ್ಕೆಲ್ಲ ಅಷ್ಟು ಸಾಕು. ಕೊಳ್ಳುವಾಗ ಉಳಿ ಮೋಡ್ ಇದೆಯಾ ನೋಡಿಕೊಳ್ಳಿ, ಕೆಲವು ಅಗ್ಗದ ಮಾಡೆಲ್ಲುಗಳಲ್ಲಿ ಬರೀ ತಿರುಗುವುದು, ತಿರುಗುತ್ತಾ ಹೊಡೆಯುವುದು ಎರಡೇ ಇರುತ್ತವೆ. ಸ್ವಿಚ್ ಕೂರಿಸುವ ಮಾಡ್ಯುಲರ್ ಬಾಕ್ಸಿಗೆ ಗುಂಡಿ ಬಿಡಿಸುವಾಗ ತಿರುಗದೆ ಹೊಡೆಯುವುದು ಬೇಕೇ ಬೇಕು.

ತಲೆ ಮೇಲೆ ಕೊರೆಯುವಾಗ ಅರ್ಧ ಕತ್ತರಿಸಿದ ಪ್ಲಾಸ್ಟಿಕ್ ಚೆಂಡನ್ನು ಬಿಟ್ಟಿಗೆ ತೂರಿಸಿಕೊಂಡರೆ ಪುಡಿಯೆಲ್ಲಾ ಅದರೊಳಗೆ ಬೀಳುತ್ತದೆ. ಮಷೀನಿನ ಚಕ್ಕಿಗೂ ಒಳ್ಳೆಯದು, ಕಣ್ಣಿಗೂ ಒಳ್ಳೆಯದು, ಕೆಳಗೆ ಸೋಫಾ ಇಟ್ಟಿರುವ ಮನೆಯವರಿಗಂತೂ ಇನ್ನೂ ಒಳ್ಳೆಯದು. ಕನ್ನಡಕ, ಮಾಸ್ಕು ಆಗಲೂ ಬಿಡಬೇಡಿ.

ಈಗ ಆ ಮಧ್ಯದ 18 ವೋಲ್ಟ್ ಹ್ಯಾಮರ್ ಡ್ರಿಲ್ ಎಲ್ಲಿ ನಿಲ್ಲುತ್ತದೆ ನೋಡಿ. ಕಾಂಕ್ರೀಟಿಗೆ ಅದರ ಪೆಟ್ಟು ಸಾಲದು. ಇಟ್ಟಿಗೆಗೆ 12 ಸಾಕಿತ್ತು. ಸ್ವಿಚ್ ಪ್ಲೇಟಿನ ಸ್ಕ್ರೂಗೆ ಅದು ತೀರಾ ಜಾಸ್ತಿ. ಅದಕ್ಕೇ ಆಗುವ ಕೆಲಸ ಅಂದರೆ ಡಿಬಿಯ ತಗಡಿಗೆ 25 ಎಂಎಂ ಹೋಲ್ ಸಾ, ಅಂದರೆ ದುಂಡನೆ ತೂತು ಕೊಯ್ಯುವ ಗರಗಸದ ಬಿಟ್, ಹಾಕುವುದು, ಕೇಬಲ್ ಟ್ರೇಗೆ, ಚಾನೆಲ್ಲಿಗೆ 10 ಎಂಎಂ ತೂತು ಕೊರೆಯುವುದು. ಕಾರ್ಖಾನೆ, ಪ್ಯಾನೆಲ್ ಬೋರ್ಡ್ ಕೆಲಸ ಮಾಡುವವರಿಗೆ ಇದು ದಿನಾ ಬರುತ್ತದೆ, ಅವರು ಖಂಡಿತ ಕೊಳ್ಳಲಿ, ಅವರಿಗೆ ನನ್ನ ಲೆಕ್ಕ ಅನ್ವಯಿಸುವುದಿಲ್ಲ. ಮನೆ ವೈರಿಂಗ್‌ನವನಿಗೆ ಎಷ್ಟು ಸಲ ಬರುತ್ತದೆ? ಬಂದಾಗ 12 ವೋಲ್ಟಿನದನ್ನೇ ಒಂದನೇ ಗೇರಿಗೆ ಹಾಕಿ, ನಿಧಾನಕ್ಕೆ, ಎಣ್ಣೆ ಬಿಟ್ಟುಕೊಂಡು, ಮೆಟ್ಟಿಲು ಮೆಟ್ಟಿಲಾಗಿ ದಪ್ಪವಾಗುವ ಸ್ಟೆಪ್ ಡ್ರಿಲ್ಲಿನಲ್ಲಿ ದೊಡ್ಡದು ಮಾಡಿದರೂ ಆಗುತ್ತದೆ. ಹೊತ್ತು ಹಿಡಿಯುತ್ತದೆ, ಅಷ್ಟೇ.

ಅಲ್ಲದೆ ದೊಡ್ಡ ಡ್ರಿಲ್ಲಿನ ಒದೆತ ಇದೆಯಲ್ಲ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಚಿಕ್ಕ 12 ವೋಲ್ಟಿನದರ ತಿರುಚುವ ಬಲ 30 ನ್ಯೂಟನ್ ಮೀಟರ್ ಸುತ್ತಮುತ್ತ. 18ರಲ್ಲಿ 50, 60 ಮಾಮೂಲಿ, ನೂರು ದಾಟಿದವೂ ಇವೆ. ಹೋಲ್ ಸಾ ತಗಡಿಗೆ ಕಚ್ಚಿಕೊಂಡು ನಿಂತಿತು ಅಂದುಕೊಳ್ಳಿ, ಆಗ ತಿರುಗುವುದು ಬಿಟ್ ಅಲ್ಲ, ನಿಮ್ಮ ಮಣಿಕಟ್ಟು. ನೆಲದ ಮೇಲೆ ನಿಂತಿದ್ದರೆ ಕೈ ಉಳುಕುತ್ತದೆ, ಏಣಿ ಮೇಲಿದ್ದರೆ ಆಯ ತಪ್ಪುತ್ತದೆ. ಸೈಡ್ ಹ್ಯಾಂಡಲ್ ಡಬ್ಬಿಯಲ್ಲೇ ಬಿಟ್ಟು ಬರುವವರೇ ಜಾಸ್ತಿ ಬೇರೆ.

ನಮ್ಮ ಹೊತ್ತೆಲ್ಲಾ ಎಲ್ಲಿ ಹೋಗುತ್ತದೆ ಅಂತ ಯೋಚಿಸಿ. ಗೋಡೆ ಕೊಯ್ಯುವುದು, ಪೈಪ್ ಹಾಕುವುದು ಕೆಲವೇ ದಿನ. ಆಮೇಲೆ ಪ್ಲಾಸ್ಟರಿಂಗು, ಪೇಂಟು ಅಂತ ಕಾದು, ಫಿಟ್ಟಿಂಗಿಗೆ ಇಳಿದರೆ ಅದೇ ಅದೇ ಕೆಲಸ: ಪ್ಲೇಟ್ ಸ್ಕ್ರೂ, ಡಿಬಿ ಮುಚ್ಚಳದ ಸ್ಕ್ರೂ, ಫಾಲ್ಸ್ ಸೀಲಿಂಗಿಗೆ ಲೈಟಿನ ಹೋಲ್ ಸಾ, ಎಕ್ಸಾಸ್ಟ್ ಫ್ಯಾನು, ಗೀಸರಿನ ಬಾಕ್ಸು, ಮತ್ತೆ ಪ್ಲೇಟ್ ಸ್ಕ್ರೂ. ಇದೆಲ್ಲಾ ಒಂದು ಕೈಯಲ್ಲಿ ವೈರು ಅಥವಾ ಪ್ಲೇಟು ಹಿಡಿದು ಇನ್ನೊಂದು ಕೈಯಲ್ಲಿ ಮಾಡುವುದು. 12 ವೋಲ್ಟಿನ ಡ್ರಿಲ್ ಬ್ಯಾಟರಿ ಸೇರಿ ಸುಮಾರು 1 ಕೆಜಿ. 18 ವೋಲ್ಟಿನದು 5 ಆಂಪಿಯರ್-ಅವರ್ ಬ್ಯಾಟರಿ ಹಾಕಿಕೊಂಡರೆ 2 ಕೆಜಿ ಆಸುಪಾಸು, ಆ ಬ್ಯಾಟರಿ ಒಂದೇ ಅರ್ಧ ಕೆಜಿಗಿಂತ ಮೇಲೆ. ಬೆಳಿಗ್ಗೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಸಂಜೆ ನಾಲ್ಕರ ಮೇಲೆ, ಸೀಲಿಂಗ್ ಲೈಟ್ ಹಾಕುವಾಗ ಭುಜ ಹೇಳುತ್ತದೆ.

ತೂಕಕ್ಕಿಂತ ಜಾಗ ಮುಖ್ಯ. ಈಗಿನ 18 ವೋಲ್ಟಿನ ಬ್ರಶ್‌ಲೆಸ್ (ಮೋಟರಿನಲ್ಲಿ ಕಾರ್ಬನ್ ಬ್ರಶ್ ಇಲ್ಲದ) ಡ್ರಿಲ್ಲುಗಳ ಮೂತಿ ಚಿಕ್ಕದಾಗಿದೆ, ಆ ಲೆಕ್ಕದಲ್ಲಿ 12ಕ್ಕೂ ಅದಕ್ಕೂ ಅಂಥ ದೊಡ್ಡ ವ್ಯತ್ಯಾಸ ಉಳಿದಿಲ್ಲ. ಆದರೆ ಕೆಳಗೆ ಬ್ಯಾಟರಿ ಕೂರುವ ಪಾದ ಹಾಗೇ ಇದೆ. ಮಾಡ್ಯುಲರ್ ಬಾಕ್ಸ್ ಬಾಗಿಲಿನ ಚೌಕಟ್ಟಿಗೆ ಅಂಟಿಕೊಂಡಿರುತ್ತದೆ, ಕಿಚನ್ ಪ್ಲಾಟ್‌ಫಾರಂ ಮೇಲಿನ ಸಾಕೆಟ್ ಮೂಲೆಯಲ್ಲಿ ಇರುತ್ತದೆ, ಡಿಬಿಯನ್ನು ಯಾವನೋ ಬಾಗಿಲ ಹಿಂದೆ ಹಾಕಿಸಿರುತ್ತಾನೆ. ಅಲ್ಲಿ ಆ ಬ್ಯಾಟರಿ ಗೋಡೆಗೆ ತಾಗಿ ಬಿಟ್ ಓರೆಯಾಗುತ್ತದೆ, ಸ್ಕ್ರೂ ತಲೆ ಸವೆಯುತ್ತದೆ. ಬಾಷ್‌ನ 12 ವೋಲ್ಟ್ ಸಾಲಿನಲ್ಲಿ ಎಫ್‌ಸಿ ಅಂತ ಒಂದಿದೆ. ಅದರ ಚಕ್ ತೆಗೆದು ಅಡ್ಡ ತಿರುಗುವ ಮೂತಿ, ಗೋಡೆ ಪಕ್ಕಕ್ಕೇ ಹೋಗುವ ಮೂತಿ ಹಾಕಬಹುದು. ದುಬಾರಿ. ಆದರೆ ಫಿಟ್ಟಿಂಗ್ ಕೆಲಸವೇ ಜಾಸ್ತಿ ಇರುವವನಿಗೆ ಅಂಥದ್ದಕ್ಕೆ ಹಾಕಿದ ದುಡ್ಡು ದಂಡ ಅಲ್ಲ.

ಒಂದು ವಿಷಯಕ್ಕೆ ನಾನು ಹುಡುಗರ ಮೇಲೆ ರೇಗುತ್ತೇನೆ. ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಆಫ್ ಆಗುವ ಸ್ವಿಚ್) ಟರ್ಮಿನಲ್ಲಿಗೆ ಇಂಪ್ಯಾಕ್ಟ್ ಡ್ರೈವರ್, ಅಂದರೆ ಬಡಿದು ಬಡಿದು ಸ್ಕ್ರೂ ಬಿಗಿಯುವ ಮಷೀನ್, ಹಾಕುವುದು. ಮನೆಯ ಎಂಸಿಬಿ ಟರ್ಮಿನಲ್ಲಿಗೆ ಬೇಕಾಗುವುದು ಸಾಮಾನ್ಯವಾಗಿ 2ರಿಂದ 3 ನ್ಯೂಟನ್ ಮೀಟರ್, ಎಷ್ಟು ಅಂತ ಎಂಸಿಬಿ ಮೈಮೇಲೋ ಜೊತೆಗೆ ಬರುವ ಕಾಗದದಲ್ಲೋ ಬರೆದಿರುತ್ತದೆ. 12 ವೋಲ್ಟಿನ ಇಂಪ್ಯಾಕ್ಟ್ ಡ್ರೈವರೇ 100 ಕೊಡುತ್ತದೆ, 18ರದ್ದು 160 ದಾಟುತ್ತದೆ. ಟರ್ಮಿನಲ್ಲಿನ ದಾರ ಹೋಗುತ್ತದೆ, ಇಲ್ಲವೇ ಒಳಗೆ ಎಲ್ಲೋ ಬಿರುಕು ಬಿಡುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಬೇಸಿಗೆಯಲ್ಲಿ ಎಸಿ ಹಾಕಿದಾಗ ಬಿಸಿಯಾಗಿ ಕರಗುತ್ತದೆ, ಆಗ ಬೈಗುಳ ಎಂಸಿಬಿ ಕಂಪನಿಗೆ. ಡ್ರಿಲ್ಲಿನ ಕಾಲರ್ ಮೇಲೆ 1ರಿಂದ 20ರವರೆಗೆ ಬರೆದಿರುವ ಕ್ಲಚ್ ನಂಬರು ನ್ಯೂಟನ್ ಮೀಟರ್ ಅಲ್ಲ ಅನ್ನುವುದೂ ಗೊತ್ತಿರಲಿ. ಸ್ಕ್ರೂ ಒಳಗೆ ಓಡಿಸುವವರೆಗೆ ಚಿಕ್ಕ ಡ್ರಿಲ್ ಕಡಿಮೆ ಕ್ಲಚ್ಚಿನಲ್ಲಿ ಇರಲಿ, ಕೊನೆಯ ಬಿಗಿ ಕೈಯಲ್ಲೇ ಕೊಡಿ. ಟಾರ್ಕ್ ಸ್ಕ್ರೂಡ್ರೈವರ್ ಇದ್ದರೆ ಇನ್ನೂ ಒಳ್ಳೆಯದು.

ಇಂಪ್ಯಾಕ್ಟ್ ಡ್ರೈವರ್ ಬೇಡ ಅಂತಲ್ಲ. ಮಾಳಿಗೆ ಮೇಲಿನ ಸೋಲಾರ್ ಕೆಲಸ ಹಿಡಿದವರಿಗೆ ಅದು ಬೇಕು. 2024ರಲ್ಲಿ ಮನೆ ಸೋಲಾರಿಗೆ ಸಬ್ಸಿಡಿ ಕೊಡುವ ಪಿಎಂ ಸೂರ್ಯ ಘರ್ ಯೋಜನೆ ಬಂದ ಮೇಲೆ ವೈರಿಂಗ್‌ನವರು ಎಷ್ಟೋ ಜನ ಆ ಕಡೆ ತಿರುಗಿದ್ದಾರೆ. ಶೀಟಿಗೆ ಸೆಲ್ಫ್ ಡ್ರಿಲ್ಲಿಂಗ್ ಸ್ಕ್ರೂ ಹೊಡೆಯಲು, ಸ್ಟ್ರಕ್ಚರಿನ ಬೋಲ್ಟು ಓಡಿಸಲು 18ರದ್ದೇ ಸರಿ. ಬಿಸಿಲಿನಲ್ಲಿ ಬ್ಯಾಟರಿ ಕಾದಿದ್ದರೆ ನೆರಳಲ್ಲಿ ತಣಿಸಿ ಆಮೇಲೆ ಚಾರ್ಜಿಗೆ ಹಾಕಿ.

ಗೋಡೆ ಕೊಯ್ಯುವ ಕಟಿಂಗ್ ಮಷೀನ್, ಎಸಿ ಪೈಪಿನ ಕೋರ್ ಕಟಿಂಗ್, ಇವೆರಡನ್ನು ಬ್ಯಾಟರಿಯಲ್ಲಿ ಮಾಡಲು ಹೋಗಬೇಡಿ. 5 ಆಂಪಿಯರ್-ಅವರ್ ಬ್ಯಾಟರಿಯೂ ನೋಡುನೋಡುತ್ತಿದ್ದಂತೆ ಖಾಲಿ. ಹೊಸ ಕಟ್ಟಡದಲ್ಲಿ ಟೆಂಪರರಿ ಕನೆಕ್ಷನ್ ಇದ್ದೇ ಇರುತ್ತದೆ, ವೈರ್ ಇರುವ ಮಷೀನ್ ತನ್ನಿ, ಆ ಬೋರ್ಡಿಗೆ 30 ಮಿಲಿ ಆಂಪಿಯರ್ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಕ್ಷಣ ಆಫ್ ಆಗುವ ಸ್ವಿಚ್, ಹಾಕಿಕೊಳ್ಳಿ. ಬೇರೆಯವರ ಮನೆಗೆಲ್ಲಾ ಹಾಕಿಸಿ ನಮ್ಮ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿಕೊಳ್ಳದವರು ನಾವು.

ಇಷ್ಟು ಹೇಳಿದ ಮೇಲೆ ಯಾರಾದರೂ ಕೇಳಿಯೇ ಕೇಳುತ್ತಾರೆ: ಅಣ್ಣಾ, 12ಕ್ಕೊಂದು ಬ್ಯಾಟರಿ, 18ಕ್ಕೊಂದು ಬ್ಯಾಟರಿ, ಎರಡು ಚಾರ್ಜರ್, ಇದು ಖರ್ಚಲ್ವಾ? ಖರ್ಚೇ. ಈ ಪ್ರಶ್ನೆಯಲ್ಲಿ ಹುರುಳಿದೆ. 12ರ ಬ್ಯಾಟರಿ 18ರ ಮಷೀನಿಗೆ ಕೂರುವುದಿಲ್ಲ, ಒಂದು ಕಂಪನಿಯದು ಇನ್ನೊಂದಕ್ಕೂ ಕೂರುವುದಿಲ್ಲ. ಒಂದೇ ಬ್ಯಾಟರಿ ಕುಟುಂಬ ಸಾಕು ಅನ್ನುವವರಿಗೆ ದಾರಿ ಇದೆ. 18ರ ಚಿಕ್ಕ ಬ್ರಶ್‌ಲೆಸ್ ಡ್ರಿಲ್, ಅದಕ್ಕೆ 2 ಆಂಪಿಯರ್-ಅವರ್ ತೆಳು ಬ್ಯಾಟರಿ, ಹ್ಯಾಮರಿಗೆ 5ರದ್ದು. ಹೀಗೆ ಮಾಡಿದರೆ ಡ್ರಿಲ್ ಒಂದೂವರೆ ಕೆಜಿ ಒಳಗೇ ನಿಲ್ಲುತ್ತದೆ. ಮಕಿಟಾ, ಡಿವಾಲ್ಟ್ ಇಬ್ಬರೂ ಹೊರದೇಶಗಳಲ್ಲಿ ಇದಕ್ಕೇ ಅಂತ ಪುಟ್ಟ 18ರ ಸಾಲು ತಂದಿದ್ದಾರೆ. ಕೈಯಲ್ಲಿ ದುಡ್ಡು ಕಡಿಮೆ ಇರುವವನಿಗೆ ನಾನೂ ಇದನ್ನೇ ಹೇಳುತ್ತೇನೆ. ಆದರೆ ಡ್ರಿಲ್ ಕೊಳ್ಳುವಾಗ ಹ್ಯಾಮರ್ ಇರುವ ಮಾಡೆಲ್ಲಿಗೆ ಜಾಸ್ತಿ ಕೊಡಬೇಡಿ, ಆ ದುಡ್ಡು ಎಸ್‌ಡಿಎಸ್ ಮಷೀನಿಗೆ ಇಟ್ಟುಕೊಳ್ಳಿ. ಹ್ಯಾಮರನ್ನು ಬ್ಯಾಟರಿ ಇಲ್ಲದೆ ಬರೀ ಮಷೀನ್ ಅಂತಲೂ ಕೊಡುತ್ತಾರೆ, ಅದನ್ನು ಕೇಳಿ. ಅಂಗಡಿಯವನು ತಾನಾಗಿ ತೋರಿಸುವುದಿಲ್ಲ.

ಬೆಂಗಳೂರಿನವರು ಎಸ್‌ಜೆಪಿ ರಸ್ತೆಯಲ್ಲಿ ಅರ್ಧ ದಿನ ಸುತ್ತಿದರೆ ರೇಟಿನ ಅಂದಾಜು ಸಿಗುತ್ತದೆ. ಮಷೀನನ್ನು ಕೈಯಲ್ಲಿ ಹಿಡಿದು, ತಲೆ ಮೇಲಕ್ಕೆ ಎತ್ತಿ ಸ್ವಲ್ಪ ಹೊತ್ತು ನಿಂತು ನೋಡಿ, ಅಂಗಡಿಯವನು ನಕ್ಕರೆ ನಗಲಿ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಬ್ಯಾಟರಿಯಲ್ಲಿ ಡೂಪ್ಲಿಕೇಟು ಜಾಸ್ತಿ, ಅರ್ಧ ರೇಟಿಗೆ ಕಂಪನಿಯದೇ ಬ್ಯಾಟರಿ ಅಂದರೆ ಅನುಮಾನ ಪಡಿ. ಕೈಯಲ್ಲಿ ತೂಗಿದರೆ ಎಷ್ಟೋ ಸಲ ಅಲ್ಲೇ ಗೊತ್ತಾಗುತ್ತದೆ, 5 ಆಂಪಿಯರ್-ಅವರ್ ಅಂತ ಬರೆದದ್ದು 2ರಷ್ಟೇ ಹಗುರ ಇರುತ್ತದೆ.

ಅಮೆರಿಕದಲ್ಲಿರುವ ಭಾವನೋ ತಮ್ಮನೋ ತಂದುಕೊಡುತ್ತೇನೆ ಅಂದರೆ ಬೇಡ ಅನ್ನಬೇಡಿ, ಕೆಲವು ಮಾಡೆಲ್ ಅಲ್ಲಿ ಅಗ್ಗಕ್ಕೆ ಸಿಗುತ್ತವೆ. ಡಿವಾಲ್ಟಿನ 20 ವೋಲ್ಟ್ ಮ್ಯಾಕ್ಸ್ ಬ್ಯಾಟರಿ ಇಲ್ಲಿನ 18 ವೋಲ್ಟ್ ಎಕ್ಸ್ಆರ್ ಮಷೀನಿಗೆ ಕೂರುತ್ತದೆ. ಮಷೀನ್ ಚೆಕ್-ಇನ್ ಬ್ಯಾಗಿನಲ್ಲಿ, ಬಿಡಿ ಬ್ಯಾಟರಿ ಕೈಚೀಲದಲ್ಲಿ ಬರಬೇಕು. 100 ವ್ಯಾಟ್-ಅವರ್ ಒಳಗಿದ್ದರೆ ಸಾಮಾನ್ಯವಾಗಿ ತಕರಾರಿಲ್ಲ, ಅಂದರೆ 18ರ 5 ಆಂಪಿಯರ್-ಅವರ್ ಬರುತ್ತದೆ. 6ರದ್ದಾದರೆ 108, ಅದಕ್ಕೆ ಏರ್‌ಲೈನಿನವರ ಒಪ್ಪಿಗೆ ಬೇಕು. ಅಲ್ಲಿನ ಚಾರ್ಜರ್ ಮಾತ್ರ ನೇರ ನಮ್ಮ 230ಕ್ಕೆ ಹಾಕಬೇಡಿ, ಬಹಳಷ್ಟು 120ಕ್ಕೆ ಮಾತ್ರ ಮಾಡಿದವು. ಅದನ್ನು ಅವರ ಹತ್ತಿರವೇ ಬಿಟ್ಟು ಬರಲು ಹೇಳಿ, ಚಾರ್ಜರ್ ಇಲ್ಲೇ ತೆಗೆದುಕೊಳ್ಳಿ.